ಎಲುಬು ಒಂದೇ, ಒಲವು ಬೇರೆ: ಅವಳಿ ಸ್ಪೋರ್ಟ್ಸ್ ಕಾರುಗಳನ್ನು ಓಡಿಸಿ ಕಂಡದ್ದು

ಯಾವ ಸ್ಪೋರ್ಟ್ಸ್ ಕಾರು ಜನರ ಮನಸ್ಸಿಗೆ ಹತ್ತುತ್ತದೆ, ಯಾವುದು ಬಂದದ್ದೂ ಗೊತ್ತಾಗದ ಹಾಗೆ ಹೋಗುತ್ತದೆ ಎಂಬ ಮಾತು ಶುರುವಾದರೆ ಬೇಗ ಮುಗಿಯುವುದಿಲ್ಲ. ಒಬ್ಬ ಪವರ್ ಅನ್ನುತ್ತಾನೆ, ಇನ್ನೊಬ್ಬ ತೂಕ ಅನ್ನುತ್ತಾನೆ, ಕ್ಲಚ್ ಪೆಡಲ್ ಇಲ್ಲದ್ದು ಸ್ಪೋರ್ಟ್ಸ್ ಕಾರೇ ಅಲ್ಲ ಎಂದು ಮತ್ತೊಬ್ಬ ಎದ್ದೇ ಹೋಗುತ್ತಾನೆ. ಒಂದು ಪೋರ್ಷೆಯನ್ನೂ ಒಂದು ಮಾಜ್ದಾವನ್ನೂ ಪಕ್ಕಪಕ್ಕ ನಿಲ್ಲಿಸಿ ಈ ಜಗಳ ಬಿಡಿಸಲಾಗದು. ಬೆಲೆ, ಬ್ಯಾಡ್ಜು, ರೂಪ ಎಲ್ಲ ಅದರಲ್ಲಿ ಕಲಸಿಹೋಗಿರುತ್ತವೆ. ಬೇಕಾದ್ದು ಅವಳಿಗಳು: ಪ್ಲಾಟ್‌ಫಾರ್ಮ್ ಒಂದೇ, ಸಸ್ಪೆನ್ಷನ್ ಹೆಚ್ಚುಕಡಿಮೆ ಒಂದೇ, ಎಷ್ಟೋ ಸಲ ಕಾರ್ಖಾನೆಯೂ ಒಂದೇ. ಆದರೂ ಕಾರುಹುಚ್ಚರು ಒಂದನ್ನು ತಲೆಮೇಲೆ ಹೊತ್ತುಕೊಳ್ಳುತ್ತಾರೆ, ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ. ಗೆಳೆಯರ ಔದಾರ್ಯದಿಂದ, ಟ್ರ್ಯಾಕ್ ಡೇಗಳ ನೆಪದಲ್ಲಿ, ಇಂಥ ಹಲವು ಜೋಡಿಗಳನ್ನು ಬೆನ್ನುಬೆನ್ನಿಗೆ ಓಡಿಸುವ ಯೋಗ ನನಗೆ ಬಂದಿದೆ.

ಇವುಗಳಲ್ಲಿ ಹೆಚ್ಚು ಹೇಳಿಕೊಟ್ಟದ್ದು ಮಾಜ್ದಾ ಎಂಎಕ್ಸ್-5 ಮತ್ತು ಫಿಯಟ್ 124 ಸ್ಪೈಡರ್. ನಾಲ್ಕನೇ ತಲೆಮಾರಿನ ಎಂಎಕ್ಸ್-5, ಅಂದರೆ ಎನ್‌ಡಿ, ಬಂದದ್ದು 2015ರಲ್ಲಿ. ಮರುವರ್ಷ ಬಂದ 124 ತಯಾರಾದದ್ದೂ ಅದೇ ಹಿರೋಶಿಮಾದಲ್ಲಿ, ಅದೇ ಅಡಿಗಟ್ಟಿನ ಮೇಲೆ. ಸಸ್ಪೆನ್ಷನ್ ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯಲು ಎರಡು ತೋಳು), ಹಿಂದೆ ಮಲ್ಟಿಲಿಂಕ್ (ಹಲವು ತೋಳು), ವೀಲ್‌ಬೇಸ್ 2,310 ಮಿಮೀ. ಎಲ್ಲ ಒಂದೇ. ಫಿಯಟ್ ಹಾಕಿದ್ದು ತನ್ನದೇ 1.4 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಎಂಜಿನ್), ಟಾರ್ಕ್, ಅಂದರೆ ತಿರುಚುಬಲ, 240 ಎನ್‌ಎಂ. ಮಾಜ್ದಾದ 2.0 ಲೀಟರಿನ ಟರ್ಬೊ ಇಲ್ಲದ ಎಂಜಿನ್ ಕೊಡುವುದು 200ರ ಆಸುಪಾಸು. ಹಾಳೆಯ ಮೇಲೆ ಮಾಜ್ದಾ ಹಿಂದೆ.

ದಿನಬಳಕೆಗೆ ಯಾವುದು ಒಳ್ಳೆಯದು ಎಂದು ಕೇಳಿದರೆ ಈಗಲೂ 124 ಅನ್ನುತ್ತೇನೆ. ಒಳಗೆ ಸದ್ದು ಕಡಿಮೆ, ತಿರುವಿನಲ್ಲಿ ವಾಲಾಟ ಕಡಿಮೆ, ಮೂರನೇ ಗೇರಿನಲ್ಲೇ ಆರಾಮಾಗಿ ಓವರ್‌ಟೇಕ್ ಮಾಡಬಹುದು. ಗುಡ್ಡದ ರಸ್ತೆಗೆ ಬಂದಾಗ ಲೆಕ್ಕ ತಿರುಗುತ್ತದೆ. ಒಂದು ಉದ್ದನೆಯ ಎಡ ತಿರುವು, ಅದರ ಬೆನ್ನಿಗೇ ಬಿಗಿಯಾದ ಬಲ ತಿರುವು ಎಂದುಕೊಳ್ಳಿ. ಎನ್‌ಡಿಯಲ್ಲಿ ಮೊದಲ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿದರೆ ಮೂತಿ ಒಳಗೆ ಸರಿಯುತ್ತದೆ. ಮತ್ತೆ ಅಷ್ಟೇ ಒತ್ತಿದರೆ ಹಿಂದಿನ ಹೊರಚಕ್ರದ ಮೇಲೆ ಕಾರು ಕುಕ್ಕರಿಸಿ ಕೂರುವುದು ಸೊಂಟಕ್ಕೇ ತಿಳಿಯುತ್ತದೆ. ಕಾಲಿಗೂ ಹಿಂದಿನ ಚಕ್ರಕ್ಕೂ ನಡುವೆ ದಲ್ಲಾಳಿ ಇಲ್ಲ. 124ರಲ್ಲಿ ಅದೇ ಜಾಗದಲ್ಲಿ ಅಷ್ಟೇ ಒತ್ತಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಟರ್ಬೊ ಎಚ್ಚೆತ್ತು, ಕೇಳಿದ್ದಕ್ಕಿಂತ ಹೆಚ್ಚನ್ನು, ಬೇಡದ ಹೊತ್ತಿಗೆ ಕೊಡುತ್ತದೆ. ಸ್ಟೀರಿಂಗ್ ಸರಿಮಾಡಿಕೊಳ್ಳುವಷ್ಟರಲ್ಲಿ ಬಲ ತಿರುವು ಎದುರಿಗೆ ಬಂದಿರುತ್ತದೆ. ಈ ಟರ್ಬೊ ಕೆಟ್ಟದ್ದೇನಲ್ಲ, ಈಗಿನ ಕಾಲಕ್ಕೆ ಸಾಧಾರಣವಾದದ್ದೇ. ಪಕ್ಕದಲ್ಲಿ ಎನ್‌ಡಿ ಇಲ್ಲದಿದ್ದರೆ ಇದು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಎನ್‌ಡಿಯ ಗೇರ್ ಲಿವರ್ ಬಗ್ಗೆ ಎಲ್ಲರೂ ಬರೆದುಬಿಟ್ಟಿದ್ದಾರೆ, ಆದರೂ ಬಿಡಲಾರೆ. ಮಣಿಕಟ್ಟು ಅಲುಗಿದರೆ ಸಾಕು, ಗೇರ್ ಬಿದ್ದಿರುತ್ತದೆ. 2018ರಲ್ಲಿ ಮಾಜ್ದಾ ಈ ಎಂಜಿನನ್ನು 184 ಪಿಎಸ್‌ಗೆ (ಅಶ್ವಶಕ್ತಿಯ ಅಳತೆ) ಏರಿಸಿತು, ರೆಡ್‌ಲೈನನ್ನು, ಅಂದರೆ ಎಂಜಿನ್ ಸುತ್ತಬಹುದಾದ ಮಿತಿಯನ್ನು, 6,800ರಿಂದ 7,500 ಆರ್‌ಪಿಎಂಗೆ ತಳ್ಳಿತು. ಪವರ್ ಏರಿದ್ದಕ್ಕಿಂತ ಆ 700 ಆರ್‌ಪಿಎಂ ನನಗೆ ದೊಡ್ಡದಾಗಿ ಕಂಡಿತು, ಏಕೆಂದರೆ ಇದರಲ್ಲಿ ಬಹುಮಾನ ಇಟ್ಟಿರುವುದೇ ಕೊನೆಯ ಮೆಟ್ಟಿಲಲ್ಲಿ. ಹತ್ತಿದವರಿಗೆ ಸಿಗುತ್ತದೆ. ಹಾಗೆಂದು ಕಾರಿಗೆ ಕುಂದಿಲ್ಲವೆಂದಲ್ಲ. ಡಿಕ್ಕಿ ಬರೀ 130 ಲೀಟರ್. ಎತ್ತರದವರ ಕಣ್ಣು ನೇರವಾಗಿ ವಿಂಡ್‌ಸ್ಕ್ರೀನಿನ ಅಂಚಿಗೆ ಬರುತ್ತದೆ. ಮೊದಲ ವರ್ಷಗಳ ಕಾರುಗಳಲ್ಲಿ ಸ್ಟೀರಿಂಗನ್ನು ಎದೆಯ ಕಡೆಗೆ ಎಳೆದುಕೊಳ್ಳುವ ಅನುಕೂಲವೂ ಇರಲಿಲ್ಲ. ಹುಚ್ಚರು ಇದನ್ನೆಲ್ಲ ಗೊಣಗಿಕೊಂಡೇ ಸಹಿಸಿದರು. ಎಂಎಕ್ಸ್-5 ಹುಟ್ಟಿದ್ದು 1989ರಲ್ಲಿ, ತಯಾರಿಕೆ ಹತ್ತು ಲಕ್ಷ ಕಾರುಗಳ ಗಡಿ ಮುಟ್ಟಿದ್ದು 2016ರಲ್ಲಿ. 124 ಕೆಲವೇ ವರ್ಷಗಳಲ್ಲಿ ಪಟ್ಟಿಯಿಂದ ಬಿದ್ದುಹೋಯಿತು. ಅದಕ್ಕೆ ಎಂಜಿನ್ ಒಂದೇ ಕಾರಣ ಎಂದು ವಾದಿಸಲಾರೆ, ಆದರೆ ಓಡಿಸಿದವರು ಯಾವುದಕ್ಕೆ ಒಲಿದರೆಂಬುದರಲ್ಲಿ ಅನುಮಾನವಿಲ್ಲ.

ಟೊಯೊಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್ ಕಥೆ ಚಿಕ್ಕದು. ಎರಡೂ ಸುಬಾರು ಕಾರ್ಖಾನೆಯಲ್ಲೇ ತಯಾರಾಗುತ್ತವೆ, ಎಂಜಿನ್ ಒಂದೇ, ವ್ಯತ್ಯಾಸ ಸ್ಪ್ರಿಂಗುಗಳಲ್ಲಿ ಮತ್ತು ಬಿಆರ್‌ಝಡ್‌ನ ಮುಂಭಾಗದ ಅಲ್ಯೂಮಿನಿಯಂ ನಕಲ್‌ಗಳಂಥ (ಚಕ್ರ ಹಿಡಿದಿಡುವ ತುಂಡು) ಸಣ್ಣಪುಟ್ಟ ಭಾಗಗಳಲ್ಲಿ. ಜಿಆರ್86 ಹಿಂಭಾಗವನ್ನು ಬೇಗ ಆಡಿಸುತ್ತದೆ, ಬಿಆರ್‌ಝಡ್ ಸ್ವಲ್ಪ ಸಾವಧಾನಿ. ಹಾಳುಬಿದ್ದ ರಸ್ತೆಗೆ ನಾನು ಬಿಆರ್‌ಝಡ್ ತೆಗೆದುಕೊಳ್ಳುತ್ತೇನೆ. ಉಳಿದದ್ದಕ್ಕೆಲ್ಲ ಬಣ್ಣ ನೋಡಿ ಆರಿಸಿದರೂ ನಷ್ಟವಿಲ್ಲ.

ಈ ಕಾರಿನ ನಿಜವಾದ ಪಾಠ ಇರುವುದು ಟೈರಿನಲ್ಲಿ. 2012ರಲ್ಲಿ ಮೊದಲ ತಲೆಮಾರಿನ 86 ಬಂದಾಗ ಅದಕ್ಕೆ ಹಾಕಿದ್ದು 215 ಮಿಮೀ ಅಗಲದ ಮಿಶೆಲಿನ್ ಪ್ರೈಮಸಿ. ಪ್ರಿಯಸ್ಸಿನ (ಟೊಯೊಟಾದ ಇಂಧನ ಉಳಿಸುವ ಹೈಬ್ರಿಡ್ ಕಾರು) ಟೈರು ಎಂದು ಜನ ನಕ್ಕರು. ನಗುವಂಥದ್ದೇ ಸರಿ, ಆದರೆ ಟೈರಿನ ಹಿಡಿತ ಕಡಿಮೆಯಾದ್ದರಿಂದಲೇ ಕಾರು ಜಾರುವುದು ಕಡಿಮೆ ವೇಗದಲ್ಲಿ, ಮೆಲ್ಲಗೆ, ಮುನ್ಸೂಚನೆ ಕೊಟ್ಟು. ಒದ್ದೆ ಟ್ರ್ಯಾಕಿನಲ್ಲಿ ಎರಡನೇ ಗೇರಿನ ತಿರುವಿನಲ್ಲಿ ಹಿಂಭಾಗ ಹೊರಳುವುದನ್ನು ಹಿಡಿದು ವಾಪಸು ತರುವುದು ನನ್ನಂಥ ಸಾಧಾರಣ ಚಾಲಕನಿಗೂ ಸಾಧ್ಯವಾಯಿತು. ಆಮೇಲೆ ಅಗಲದ ಅಂಟು ಟೈರ್ ಏರಿಸಿದ ಇನ್ನೊಂದು 86 ಓಡಿಸಿದೆ. ಲ್ಯಾಪ್ ಟೈಮ್ ಇಳಿದಿತ್ತು, ಅದರ ಜೊತೆಗೆ ಕಾರಿನ ಮಾತೂ ಇಳಿದಿತ್ತು. ಅದು ಜಾರಲು ಶುರುವಾದ ವೇಗಕ್ಕೆ ನನ್ನ ಕೈ ಬೆವರುತ್ತಿತ್ತು.

ಹಳೆಯ 2.0 ಲೀಟರ್ ಎಂಜಿನ್ನಿಗೆ ಸರಿಯಾಗಿ ಮಧ್ಯದ ಆರ್‌ಪಿಎಂನಲ್ಲೇ ಉಸಿರುಕಟ್ಟುತ್ತಿತ್ತು. 205 ಎನ್‌ಎಂ ಸಿಗಬೇಕಾದರೆ 6,400ರವರೆಗೆ ಕಾಯಬೇಕು. ಎರಡನೇ ತಲೆಮಾರಿನ 2.4 ಲೀಟರಿನಲ್ಲಿ 250 ಎನ್‌ಎಂ, ಅದೂ 3,700ಕ್ಕೇ. ಇಲ್ಲಿ ಟೊಯೊಟಾ ಟರ್ಬೊ ಹಾಕದೆ ಎಂಜಿನ್ನಿನ ಗಾತ್ರ ಹಿಗ್ಗಿಸಿದ್ದು ಜಾಣತನ. ಸ್ಪೀಕರಿನಿಂದ ಎಂಜಿನ್ ಸದ್ದು ಹೊರಡಿಸಿದ್ದು ಜಾಣತನವಲ್ಲ, ಮಾಲೀಕರಲ್ಲಿ ಅನೇಕರು ಮೊದಲು ಕಿತ್ತುಹಾಕುವುದು ಅದನ್ನೇ. ಆದರೆ ಹಿಂದಿನ ಸೀಟು ಮಡಚಿದರೆ ನಾಲ್ಕು ಟ್ರ್ಯಾಕ್ ಟೈರು ಒಳಗೆ ಹಿಡಿಸುತ್ತವೆ. ಹಿಡಿಸಲೇಬೇಕೆಂದು ಅಳತೆಯಿಟ್ಟು ಮಾಡಿದ್ದು. ಈ ಕಾರನ್ನು ಕೊಳ್ಳುವವರು ಯಾರೆಂದು ಮಾಡಿದವರಿಗೆ ಗೊತ್ತಿತ್ತು.

ಪೋರ್ಷೆ ವಿಷಯಕ್ಕೆ ಬಂದರೆ ಎರಡು ಕಾರು ಬೇಡ, 718 ಕೇಮನ್ ಒಂದೇ ಸಾಕು. 2016ರಲ್ಲಿ ಅದಕ್ಕೆ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಹಾಕಿದರು. 2.5 ಲೀಟರಿನ ಎಸ್ ಮಾದರಿಗೆ 350 ಪಿಎಸ್, ಹಿಂದಿನ ಆರು ಸಿಲಿಂಡರಿನ ಎಸ್‌ಗಿಂತ 25 ಹೆಚ್ಚು. ವೇಗವೂ ಹೆಚ್ಚು. ಹುಚ್ಚರು ಮೂಗು ಮುರಿದರು. 2020ರಲ್ಲಿ ಪೋರ್ಷೆ ಟರ್ಬೊ ಇಲ್ಲದ 4.0 ಲೀಟರ್ ಫ್ಲಾಟ್-ಸಿಕ್ಸನ್ನು (ಮಲಗಿಸಿದ ಆರು ಸಿಲಿಂಡರ್) 718ರ ಜಿಟಿಎಸ್ ಮಾದರಿಗೆ ಹಾಕಿತು. ಇಲ್ಲಿ ಒಂದು ಸ್ವಾರಸ್ಯವಿದೆ: ನಾಲ್ಕು ಸಿಲಿಂಡರಿನ ಎಸ್‌ನ ಗರಿಷ್ಠ ಟಾರ್ಕ್ 420 ಎನ್‌ಎಂ, ಮ್ಯಾನ್ಯುಯಲ್ ಜಿಟಿಎಸ್ 4.0ದ್ದೂ 420 ಎನ್‌ಎಂ. ಮೊದಲನೆಯದರಲ್ಲಿ ಅದು 1,900 ಆರ್‌ಪಿಎಂಗೇ ಕಾಲಡಿಗೆ ಬಂದು ಬಿದ್ದಿರುತ್ತದೆ. ಎರಡನೆಯದರಲ್ಲಿ 5,000ಕ್ಕೆ ಹೋಗಿ ತೆಗೆದುಕೊಳ್ಳಬೇಕು.

ಎರಡನ್ನೂ ಓಡಿಸಿದವರು ಯಾವುದನ್ನು ಮೆಚ್ಚಿದರೆಂದು ಹೇಳಬೇಕಿಲ್ಲ. ನಾನೂ ಮೆಚ್ಚಿದೆ. 5,000 ದಾಟಿದ ಮೇಲೆ ಬೆನ್ನ ಹಿಂದೆ ಏಳುವ ಸದ್ದಿಗೆ ಕಿವಿ ನಿಮಿರುತ್ತದೆ. ಆದರೆ ಒಂದು ತಕರಾರು, ಅದು ಸಣ್ಣದೂ ಅಲ್ಲ. ಗೇರುಗಳು ಅತಿ ಉದ್ದ. ಎರಡನೇ ಗೇರಿನಲ್ಲೇ 130 ಕಿಮೀ ದಾಟುತ್ತದೆ. ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಆ 7,800 ಆರ್‌ಪಿಎಂ ಕೇಳುವ ಅವಕಾಶ ಮೊದಲ ಗೇರಿನಲ್ಲಿ ಒಮ್ಮೆ, ಎರಡನೆಯದರಲ್ಲಿ ಅರ್ಧ. ಅಷ್ಟು ಒಳ್ಳೆಯ ಎಂಜಿನನ್ನು ಬೀಗ ಹಾಕಿ ಟ್ರ್ಯಾಕಿನಲ್ಲಿ ಮಾತ್ರ ತೆಗೆಯಿರಿ ಎಂದ ಹಾಗೆ. ನಾಲ್ಕು ಸಿಲಿಂಡರಿನ ಕಾರು ರಸ್ತೆಯಲ್ಲಿ ಇದಕ್ಕಿಂತ ಸಲೀಸು, ಆದರೆ ಅದರಿಂದ ಇಳಿದ ಮೇಲೆ ನೆನಪಿನಲ್ಲಿ ಉಳಿದದ್ದು ತಿರುವುಗಳಷ್ಟೇ, ಎಂಜಿನ್ ಅಲ್ಲ.

ಇಷ್ಟು ಓದಿದವರಿಗೆ ಮ್ಯಾನ್ಯುಯಲ್ ಗೇರು, ಟರ್ಬೊ ಇಲ್ಲದ ಎಂಜಿನ್, ಅಷ್ಟಿದ್ದರೆ ಗೆದ್ದಂತೆ ಎನಿಸಬಹುದು. ಪೋರ್ಷೆ 911 ಜಿಟಿ3 ಇತಿಹಾಸವೂ ಹಾಗೇ ಕಾಣುತ್ತದೆ: 2013ರಲ್ಲಿ ಮ್ಯಾನ್ಯುಯಲ್ ತೆಗೆದರು, 2016ರಲ್ಲಿ ಮ್ಯಾನ್ಯುಯಲ್ ಇದ್ದ 911 ಆರ್ ಮಾದರಿಯ ಕೇವಲ 991 ಕಾರು ಬಿಟ್ಟಾಗ ಜನ ಮುಗಿಬಿದ್ದರು, 2017ಕ್ಕೆ ಜಿಟಿ3ಗೆ ಮ್ಯಾನ್ಯುಯಲ್ ವಾಪಸು ಬಂತು. ಆದರೆ ಆಲ್ಪೀನ್ ಎ110 ಈ ಸೂತ್ರಕ್ಕೆ ಬಗ್ಗುವುದಿಲ್ಲ. 1.8 ಲೀಟರ್ ಟರ್ಬೊ, ನಾಲ್ಕು ಸಿಲಿಂಡರ್, ಮ್ಯಾನ್ಯುಯಲ್ ಇಲ್ಲವೇ ಇಲ್ಲ, ಏಳು ಗೇರಿನ ಡ್ಯುಯಲ್ ಕ್ಲಚ್ ಒಂದೇ ಗತಿ. 718ಕ್ಕೆ ಬೈದ ಎಲ್ಲ ಕಾರಣಗಳೂ ಇದರಲ್ಲಿವೆ. ಆದರೂ 2017ರಿಂದ ಇದಕ್ಕೆ ಸಿಕ್ಕ ಪ್ರೀತಿ 718ರ ನಾಲ್ಕು ಸಿಲಿಂಡರಿಗೆ ಸಿಗಲಿಲ್ಲ. ಮೆಕ್‌ಲಾರೆನ್ ಎಫ್1 ವಿನ್ಯಾಸ ಮಾಡಿದ ಗಾರ್ಡನ್ ಮರ‍್ರೇ ತಮ್ಮ ಓಡಾಟಕ್ಕೆ ಇದನ್ನೇ ಕೊಂಡರು, ತಮ್ಮ ಟಿ.50 ಕಾರಿನ ಸವಾರಿಗೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರು.

ಕಾರಣ ಮೊದಲ ಏರುತಗ್ಗಿನಲ್ಲೇ ಗೊತ್ತಾಗುತ್ತದೆ. ತೂಕ 1,100 ಕೆಜಿ ಆಸುಪಾಸು. ಒಂದು ಸೀಟು 13.1 ಕೆಜಿ. ಹಿಂದಿನ ಬ್ರೇಕ್ ಕ್ಯಾಲಿಪರಿನೊಳಗೇ ಪಾರ್ಕಿಂಗ್ ಬ್ರೇಕ್ ಸೇರಿಸಿ ಇನ್ನೂ ಎರಡೂವರೆ ಕೆಜಿ ಉಳಿಸಿದ್ದಾರೆ. ಕಾರು ಹಗುರವಾದ್ದರಿಂದ ಸ್ಪ್ರಿಂಗ್ ಮೆದುವಾಗಿದ್ದರೆ ಸಾಕು. ಸ್ಪ್ರಿಂಗ್ ಮೆದುವಾದರೆ ಕಾರು ವಾಲುತ್ತದೆ, ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಇರುವುದರಿಂದ ವಾಲಿದರೂ ಟೈರು ನೆಲ ಬಿಡುವುದಿಲ್ಲ. ಆ ವಾಲಾಟವೇ ಇಲ್ಲಿ ಭಾಷೆ: ಎಷ್ಟು ಹಿಡಿತ ಖರ್ಚಾಯಿತು, ಎಷ್ಟು ಬಾಕಿ ಎಂದು ಮೈಗೆ ಹೇಳುತ್ತಲೇ ಇರುತ್ತದೆ. ಗೇರನ್ನು ಕಾರೇ ಬದಲಿಸಿಕೊಂಡರೂ ಉಳಿದ ಕೆಲಸ ಚಾಲಕನದ್ದೇ.

ಇದೇ ಓಟದಲ್ಲಿ ಆಲ್ಫಾ ರೋಮಿಯೊ 4ಸಿ ಗೆಲ್ಲಬೇಕಿತ್ತು. ಕಾರ್ಬನ್ ಫೈಬರ್ ಚಾಸಿ, ಎ110ಗಿಂತ ಕಡಿಮೆ ತೂಕ, ಪವರ್ ಅಸಿಸ್ಟ್ ಇಲ್ಲದ ಸ್ಟೀರಿಂಗ್. ಹುಚ್ಚರು ಕೇಳುವ ಪಟ್ಟಿ ಹಿಡಿದುಕೊಂಡೇ ಕಟ್ಟಿದ ಹಾಗಿದೆ. ಓಡಿಸಿದರೆ ಸ್ಟೀರಿಂಗ್ ಮಾತಾಡುತ್ತದೆ, ಆದರೆ ಬೇಕಾದ್ದಲ್ಲ. ರಸ್ತೆಯ ಪ್ರತಿ ಓರೆಯನ್ನೂ ಹಿಡಿದು ಕೈ ಎಳೆಯುತ್ತದೆ, ಮುಂದಿನ ಟೈರು ಎಷ್ಟು ಹಿಡಿದಿದೆ ಎಂಬುದು ಆ ಗದ್ದಲದಲ್ಲಿ ಮುಳುಗುತ್ತದೆ. ನೋಡಲು ಮಾತ್ರ ಅದಕ್ಕೆ ಸಾಟಿಯಿಲ್ಲ, ಅದಕ್ಕಾಗಿ ಕೊಂಡವರನ್ನು ದೂರುವುದಿಲ್ಲ.

ಓಡಿಸಿದ ಅನುಭವವೇ ಪ್ರೀತಿ ಗೆಲ್ಲುತ್ತದೆ ಎಂಬ ನನ್ನ ವಾದಕ್ಕೆ ಟೊಯೊಟಾ ಜಿಆರ್ ಸುಪ್ರಾ ಮತ್ತು ಬಿಎಂಡಬ್ಲ್ಯು ಝಡ್4 ಅಡ್ಡಗಾಲು. ಎರಡೂ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಿಂದ ಬಂದವು. 2,470 ಮಿಮೀ ವೀಲ್‌ಬೇಸ್, ಬಿಎಂಡಬ್ಲ್ಯುವಿನ ಬಿ58 ಆರು ಸಿಲಿಂಡರ್ ಟರ್ಬೊ, ಎಂಟು ಗೇರಿನ ಆಟೋಮ್ಯಾಟಿಕ್. ಸುಪ್ರಾದ ಮೂತಿ ತುಸು ಚುರುಕು, ಛಾವಣಿ ತೆರೆಯುವ ಝಡ್4ರಲ್ಲಿ ಆಕಾಶ ಕಾಣುತ್ತದೆ. ಚಾಲನೆಯಲ್ಲಿ ಪ್ರೀತಿಗೂ ಉಪೇಕ್ಷೆಗೂ ಇರುವಷ್ಟು ಅಂತರವೇನೂ ಸಿಗಲಿಲ್ಲ. ಸುಪ್ರಾ ಗೆದ್ದದ್ದು ಹೆಸರಿನ ಬಲದಿಂದ. 1993ರ ಎ80 ಸುಪ್ರಾ, ಅದರ 2ಜೆಝಡ್ ಎಂಜಿನ್, ಅದನ್ನು ಬಿಚ್ಚಿ ಪವರ್ ಏರಿಸಿದವರ ಪರಂಪರೆ, ಎಲ್ಲ ಹೊಸದಕ್ಕೆ ಆಸ್ತಿಯಾಗಿ ಬಂತು. ಇದು ಬಿಎಂಡಬ್ಲ್ಯು ವೇಷ ಎಂದು ಬೈದವರೇ ಆಮೇಲೆ ಬಿ58ಗೆ ದೊಡ್ಡ ಟರ್ಬೊ ಏರಿಸಲು ಕೂತರು. ಝಡ್4ರಲ್ಲೂ ಇದ್ದದ್ದು ಅದೇ ಎಂಜಿನ್, ಆದರೆ ಅದರ ಬಾನೆಟ್ ತೆರೆಯಲು ಅಷ್ಟು ಕೈ ಮುಂದಾಗಲಿಲ್ಲ. ಕೊನೆಗೆ ಸುಪ್ರಾಕ್ಕೆ 2022ರಲ್ಲಿ, ಝಡ್4ಕ್ಕೆ 2024ರಲ್ಲಿ ಮ್ಯಾನ್ಯುಯಲ್ ಸಿಕ್ಕಿತು.

ಎಲೆಕ್ಟ್ರಿಕ್ ಬಂದ ಮೇಲೆ ಈ ಮಾತೆಲ್ಲ ಮುಗಿಯಿತು ಎಂದುಕೊಂಡಿದ್ದವರು ಕಿಯಾ ಇವಿ6 ಜಿಟಿ ಮತ್ತು ಹ್ಯುಂಡೈ ಐಯಾನಿಕ್ 5 ಎನ್ ಜೋಡಿಯನ್ನು ನೋಡಬೇಕು. ಇವು ಸ್ಪೋರ್ಟ್ಸ್ ಕಾರು ಹೌದೇ ಅಲ್ಲವೇ ಎಂಬ ಜಗಳ ಬೇರೆ ಇಟ್ಟುಕೊಳ್ಳೋಣ. ಒಂದೇ ಪ್ಲಾಟ್‌ಫಾರ್ಮ್. 2022ರ ಇವಿ6 ಜಿಟಿ 585 ಪಿಎಸ್, ನೂರು ಮುಟ್ಟಲು 3.5 ಸೆಕೆಂಡ್. ಮರುವರ್ಷದ 5 ಎನ್ 650 ಪಿಎಸ್, 3.4 ಸೆಕೆಂಡ್. ಹತ್ತನೇ ಒಂದು ಸೆಕೆಂಡಿಗೆ ಯಾರೂ ಮನಸೋಲುವುದಿಲ್ಲ. ಮನಸೋತದ್ದು 5 ಎನ್‌ನ ನಕಲಿ ಗೇರಿಗೆ. ಪ್ಯಾಡಲ್ ಒತ್ತಿದರೆ ಇಲ್ಲದ ಗೇರು ಬದಲಾಗುತ್ತದೆ, ಕಾರು ಜಗ್ಗುತ್ತದೆ, ಒತ್ತದಿದ್ದರೆ ಇಲ್ಲದ ರೆಡ್‌ಲೈನಿಗೆ ತಲೆ ಬಡಿದುಕೊಂಡು ನಿಲ್ಲುತ್ತದೆ. ಮೊದಲು ಕೇಳಿದಾಗ ನನಗೂ ನಗು ಬಂದಿತ್ತು. ಟ್ರ್ಯಾಕಿನಲ್ಲಿ ಅದನ್ನು ಆಫ್ ಮಾಡಿ ಓಡಿಸಿದಾಗ ಮಾತ್ರ ತಿರುವಿಗೆ ಯಾವ ವೇಗದಲ್ಲಿ ನುಗ್ಗುತ್ತಿದ್ದೇನೆಂಬ ಅಂದಾಜೇ ತಪ್ಪತೊಡಗಿತು. ಹಾಕಿದರೆ ಕಿವಿಗೆ, ಬೆನ್ನಿಗೆ ಲೆಕ್ಕ ಸಿಗುತ್ತದೆ. ಪರಿಷ್ಕೃತ ಇವಿ6 ಜಿಟಿಗೆ ಕಿಯಾ ಕೂಡ ಅಂಥದ್ದೇ ಗೇರು ಸೇರಿಸಿತು. ಆದರೆ 5 ಎನ್ ತೂಕ 2,200 ಕೆಜಿ, ಎರಡು ಎಂಎಕ್ಸ್-5ಗಳಷ್ಟು. ಬಿಗಿ ತಿರುವಿಗೆ ಬ್ರೇಕ್ ಒತ್ತಿದಾಗ ಆ ಭಾರವನ್ನು ಯಾವ ಸಾಫ್ಟ್‌ವೇರೂ ಮುಚ್ಚಿಡುವುದಿಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲಿ ಅದು ಎ110ಗಿಂತ ಕೆಳಗೆ, ಇವಿ6 ಜಿಟಿಗಿಂತ ಬಹಳ ಮೇಲೆ.