ಬೂರಣ್ಣನ ಮಂಚ: ಎರಡು ಮಳೆಗಾಲ ಕಳೆದ ಮೇಲೆ

"ಮನುಷ್ಯರಿಗೇ ಮಂಚ ಇಲ್ದಿದ್ದ ಕಾಲ ನೋಡಿದೋಳು ನಾನು. ನಾಯಿಗೆ ಮಂಚವಾ?" ಪಾರ್ಸೆಲ್ ಬಿಚ್ಚಿದ ದಿನ ಅತ್ತೆ ಹೇಳಿದ್ದು ಇಷ್ಟು. ಹೇಳಿದವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಅಲ್ಲೇ ಕೂತರು. ಕೊನೇ ಬೋಲ್ಟ್ ಬಿಗಿಯುವವರೆಗೂ ಏಳಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆ, ಅಡಿಕೆ ತೋಟದ ಮನೆ. ನಾಯಿ ಮಗನದು, ರಾಟ್‌ವೈಲರ್, ಹೆಸರು ಬ್ರೂನೋ. ಅತ್ತೆಯ ಬಾಯಲ್ಲಿ ಬೂರಣ್ಣ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಾಯಿ ಸಾಕಲು, ಮಾರಲು ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತಲ್ಲ, ಅದರಲ್ಲಿ ಇವನ ಜಾತಿಯೂ ಇತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ತಕರಾರು ಶುರುವಾಗಿ, ಬೂರಣ್ಣ ನಮ್ಮ ಜಗಲಿಗೆ ಬಂದ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಅತ್ತೆ ಅವನನ್ನು ಬಿಟ್ಟುಕೊಡುವ ಹಂತ ದಾಟಿದ್ದರು.

ಮಂಚದ ಯೋಚನೆ ಬಂದಿದ್ದು ಮೊಣಕೈಯಿಂದ. ಈ ತಳಿಯ ಗಂಡು ಅಂದರೆ 50 ಕೆ.ಜಿ. ಆಸುಪಾಸು; ನಮ್ಮವನು 47. ಬೀದಿನಾಯಿ ಹಾಗೆ ಮೆಲ್ಲಗೆ ಸುತ್ತಿ ಮುದುಡಿ ಮಲಗುವ ಪೈಕಿ ಅಲ್ಲ ಇವನು. ನಿಂತಲ್ಲಿಂದ ಗೊನೆ ಕಡಿದು ಹಾಕಿದ ಹಾಗೆ ದೊಪ್ಪೆಂದು ಬೀಳುತ್ತಾನೆ. ಸಿಮೆಂಟಿನ ನೆಲಕ್ಕೆ ದಿನಾ ಹಾಗೆ ಬಿದ್ದು ಬಿದ್ದು ಮೊಣಕೈಯ ಚರ್ಮ ಗಡುಸಾಯಿತು, ಆಮೇಲೆ ಎಡಗಡೆ ನಿಂಬೆಹಣ್ಣಿನಷ್ಟು ನೀರಿನ ಬಾವು. ಸೂಜಿ ಹಾಕಿ ನೀರು ತೆಗೆಸೋಣ ಅಂತ ಕರೆದುಕೊಂಡು ಹೋದೆವು. ಪಶು ವೈದ್ಯರು ಒಪ್ಪಲಿಲ್ಲ. "ಚುಚ್ಚಿದರೆ ಕೀವಾಗಬಹುದು, ಮೊದಲು ಗಟ್ಟಿ ನೆಲ ತಪ್ಪಿಸಿ" ಅಂದರು. ಗೋಣಿಚೀಲ ಹಾಸಿದೆವು. ಆಗುಂಬೆ ಮಳೆಗೆ ಗೋಣಿ ಎರಡು ದಿನಕ್ಕೆ ನೀರು ಹೀರಿ ನಾತ ಹೊಡೆಯಿತು. ಹಳೇ ಕಂಬಳಿಯದ್ದೂ ಅದೇ ಕಥೆ.

ಆಗ ಮಗ ಆನ್‌ಲೈನ್‌ನಲ್ಲಿ ತರಿಸಿದ್ದು ಈ ಮಂಚ. ಕಬ್ಬಿಣದ ಪೈಪಿನ ಚೌಕಟ್ಟು, ನೆಲದಿಂದ ಒಂದು ಗೇಣು ಎತ್ತರ, ಮೇಲೆ ಬಿಗಿದ ನೈಲಾನ್ ಜಾಲರಿ. ಉದ್ದ ನಾಲ್ಕು ಅಡಿ. ಬೆಲೆ 3,450 ರೂಪಾಯಿ. 60 ಕೆ.ಜಿ. ತಾಳುತ್ತದೆ ಅಂತ ಬರೆದಿತ್ತು.

ಚೌಕಟ್ಟು ತಾಳಿತು, ಸುಳ್ಳು ಹೇಳಬಾರದು. ಜಾಲರಿಯದ್ದೇ ಗೋಳು. ಸುಮ್ಮನೆ ಇಟ್ಟ 60 ಕೆ.ಜಿ. ಬೇರೆ, ಎತ್ತರದಿಂದ ಬೀಳುವ 47 ಕೆ.ಜಿ. ಬೇರೆ ಅನ್ನುವುದು ಕಂಪನಿಯವರಿಗೆ ಹೊಳೆದಿಲ್ಲ. ಅದರ ಮೇಲೆ ಇವನು ಮಲಗುವ ಮುಂಚೆ ಹೊಂಡ ತೆಗೆಯುವವನ ಹಾಗೆ ಕೆರೆಯುತ್ತಾನೆ. ಮೂರನೇ ತಿಂಗಳಿಗೆ ಮೂಲೆಯ ಸ್ಕ್ರೂ ಹತ್ತಿರ ಸೀಳು ಬಿತ್ತು. ವಾರಂಟಿ ಕೇಳಿದ್ದಕ್ಕೆ "ನಾಯಿ ಕಚ್ಚಿ ಹರಿದದ್ದಕ್ಕೆ ಅನ್ವಯಿಸುವುದಿಲ್ಲ" ಅಂತ ಉತ್ತರ. ಕಚ್ಚಿಲ್ಲ ಸ್ವಾಮಿ, ಮಲಗಿದ್ದು! ಫೋಟೋ ಕಳಿಸಿದರೂ ಮುಂದಕ್ಕೆ ಹೋಗಲಿಲ್ಲ.

ಇನ್ನೊಂದು ದೋಷ ಗೊತ್ತಾಗಿದ್ದು ತಡವಾಗಿ. ಪೈಪಿನ ತುದಿಗೆ ಹಾಕಿದ ಪ್ಲಾಸ್ಟಿಕ್ ಬಿರಡೆ ಎರಡು ಬಿದ್ದು ಹೋಗಿದ್ದವು. ಒಂದು ದಿನ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಉಣುಗಿನ ಸಂಸಾರ. ನಮ್ಮ ಕಡೆ ಉಣುಗು ಅಂದರೆ ಮಂಗನ ಕಾಯಿಲೆಯ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಆ ಕಾಯಿಲೆ ಹರಡುವುದು ಕಾಡಿನ ಉಣುಗು, ಇದು ಮನೆ ಸಂದಿಗೊಂದಿಯಲ್ಲಿ ಮೊಟ್ಟೆಯಿಡುವ ಕಂದು ನಾಯಿ ಉಣುಗು. ಹಾಗಂತ ಇದೇನು ಸಾಧುವಲ್ಲ, ನಾಯಿಗೆ ಉಣುಗು ಜ್ವರ ತರುವುದು ಇದೇ. ಬಿಸಿನೀರು ಹೊಯ್ದು ತೊಳೆದು, ವೆಲ್ಡಿಂಗ್ ಅಂಗಡಿಗೆ ಒಯ್ದು ನಾಲ್ಕೂ ತುದಿ ಮುಚ್ಚಿಸಿದೆವು. ನೂರೈವತ್ತು ರೂಪಾಯಿ.

ಅಲ್ಲಿಂದ ಬರುವಾಗಲೇ ಹಗ್ಗದ ಅಂಗಡಿಯಲ್ಲಿ ಪ್ಲಾಸ್ಟಿಕ್ ನವಾರು ತಂದು, ಜಾಲರಿ ಕಿತ್ತು ಹಾಕಿ, ನಾನೂ ಯಜಮಾನರೂ ಒಂದು ಮಧ್ಯಾಹ್ನ ಕೂತು ನೇಯ್ದೆವು. ಮೊದಲ ಸಲ ನೇಯ್ಗೆ ಸಡಿಲವಾಗಿ, ಮುಂಗಾಲಿನ ಒಳಬದಿಯ ಉಗುರು ಸಂದಿಗೆ ಸಿಕ್ಕಿಹಾಕಿಕೊಂಡು ರಂಪವಾಯಿತು. ಬಿಚ್ಚಿ ಬಿಗಿಯಾಗಿ ಹಾಕಿದ ಮೇಲೆ ಒಂದು ವರ್ಷ ದಾಟಿದೆ, ಒಂದು ಎಳೆ ಜಗ್ಗಿಲ್ಲ. ಬಾವು ಎರಡು ತಿಂಗಳಲ್ಲಿ ತಾನಾಗಿ ಇಳಿಯಿತು. ಗಡುಸು ಚರ್ಮ ಹಾಗೇ ಇದೆ. ಬೇಸಿಗೆಯಲ್ಲಿ ಮಾತ್ರ ಅವನು ಮಂಚದ ಹತ್ತಿರ ಸುಳಿಯುವುದಿಲ್ಲ. ಬಚ್ಚಲ ಬಾಗಿಲ ತಂಪಿಗೆ ಹೊಟ್ಟೆ ಕೊಟ್ಟು ಬಿದ್ದಿರುತ್ತಾನೆ, ಮಂಚದ ಮೇಲೆ ಬೆಕ್ಕು.

ಮೊಣಕೈಗೆಂದು ತಂದದ್ದು ಬೇರೆಯದಕ್ಕೇ ಹೆಚ್ಚು ಉಪಯೋಗಕ್ಕೆ ಬಂತು. ಕಾವಲು ನಾಯಿಗೆ "ಸುಮ್ಮನಿರು" ಅಂದರೆ ಅರ್ಥವಾಗುವುದಿಲ್ಲ, "ಇಲ್ಲಿರು" ಅಂದರೆ ಆಗುತ್ತದೆ. ಮೊದಲೆಲ್ಲ ಜನ ಬಂದರೆ ಅವನನ್ನು ಕೊಟ್ಟಿಗೆ ಪಕ್ಕ ಕಟ್ಟುತ್ತಿದ್ದೆವು. ಕಟ್ಟಿದಷ್ಟೂ ರೊಚ್ಚು ಜಾಸ್ತಿ. ಮಗ ರಜೆಗೆ ಬಂದಾಗ, ಮಂಚ ಹತ್ತಿದರೆ ಒಂದು ಚೂರು ಬೇಯಿಸಿದ ಕೋಳಿ, ಇಳಿಯದೆ ಕಾದರೆ ಇನ್ನೊಂದು ಚೂರು ಅಂತ ಹದಿನೈದು ದಿನ ಪಾಠ ಮಾಡಿದ. ಈಗ ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯಲು ಹತ್ತು ಹನ್ನೆರಡು ಜನ ಅಂಗಳದಲ್ಲಿ ಕೂತಿದ್ದರೂ, ಬೂರಣ್ಣ ಮಂಚದ ಮೇಲಿಂದ ಎಲ್ಲರ ಹಾಜರಿ ತೆಗೆದುಕೊಳ್ಳುತ್ತಾ ಇರುತ್ತಾನೆ. ಹಾಗಂತ ಸರಪಳಿ ಬಿಟ್ಟಿಲ್ಲ. ಹೊಸಬರಿದ್ದ ದಿನ ಉದ್ದನೆಯ ಸರಪಳಿ ಇದ್ದೇ ಇರುತ್ತದೆ.

ಕೊಳ್ಳುವವರು ನಾಯಿ ಕಾಲು ಚಾಚಿ ಅಡ್ಡ ಮಲಗಿದಾಗ ಮೂತಿಯಿಂದ ಬಾಲದ ಬುಡದವರೆಗೆ ಅಳೆದು, ಮೇಲೆ ಒಂದು ಗೇಣು ಸೇರಿಸಿ. ನಿಂತಾಗ ಅಳೆದರೆ ತಲೆ ಹೊರಗೆ ನೇತಾಡುತ್ತದೆ. ಚೌಕಟ್ಟಿಗೆ ಐದಕ್ಕೆ ನಾಲ್ಕು, ಜಾಲರಿಗೆ ಒಂದು ಕೊಟ್ಟರೂ ಧಾರಾಳ. ವೆಲ್ಡಿಂಗ್ ಅಂಗಡಿಯವರು ಇಂಥದೇ ಚೌಕಟ್ಟು ಎರಡು ಸಾವಿರಕ್ಕೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಅತ್ತೆ ಒಂದಕ್ಕೆ ಹೇಳಿ ಬಂದಿದ್ದಾರಂತೆ, ಇದು ಬೆಕ್ಕಿಗಂತೆ.