ಗೋಡೆಗೆ ಹಾಕುವ ಭೂಕಂಪದ ಅಲಾರಂ: 30 ಸೆಕೆಂಡಿನ ಭರವಸೆ ಎಷ್ಟು ನಿಜ?

ಪುಣೆಯ ಕೋಥ್ರುಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯವರು ಬುಧವಾರ ಪೇಠೆ ಎಂಬ ಬಡಾವಣೆಯ ಅಂಗಡಿಯೊಂದರಿಂದ ಭೂಕಂಪದ ಅಲಾರಂ ತರಿಸಿ ಮೆಟ್ಟಿಲಿನ ಬುಡದಲ್ಲಿ ಹಾಕಿಸಿದ್ದಾರೆ. ಅಂಗೈಗಿಂತ ತುಸು ದೊಡ್ಡದಾದ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಮೊಬೈಲ್ ಫೋನಿನಲ್ಲಿರುವಂಥದೇ ಕಂಪನ ಗುರುತಿಸುವ ಚಿಪ್, ಒಂದು ಸೈರನ್, ಕರೆಂಟ್ ಹೋದಾಗಿನ ಆಸರೆಗೆ ಬ್ಯಾಟರಿ. ಕಟ್ಟುಮಸ್ತಾಗಿದೆ, ಸೈರನ್ ಮೇಲಿನ ಮಹಡಿಯವರೆಗೂ ಕೇಳುತ್ತದೆ. ಆದರೆ ಭೂಕಂಪಕ್ಕೆ 30 ಸೆಕೆಂಡ್ ಮೊದಲೇ ಎಚ್ಚರಿಸುತ್ತದೆ ಎಂದು ರಟ್ಟಿನ ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಅಚ್ಚು ಹಾಕಿದ್ದಾರಲ್ಲ, ಆ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ನೆಲದಾಳದ ಬಂಡೆಗಳ ಮೇಲೆ ಬಹುಕಾಲ ಒತ್ತಡ ಕೂಡುತ್ತ ಹೋಗಿ, ಸ್ತರಭಂಗವೆನ್ನುವ ಬಿರುಕಿನ ಎರಡು ಮಗ್ಗುಲುಗಳು ತಡೆಯಲಾರದೆ ಒಮ್ಮೆಲೇ ಜಾರಿದಾಗ ಭೂಕಂಪವಾಗುತ್ತದೆ. ಜಾರಿದ ಜಾಗದಿಂದ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ತಾನು ಸಾಗುವ ದಿಕ್ಕಿನಲ್ಲೇ ಬಂಡೆಯನ್ನು ಒತ್ತುತ್ತ, ಹಿಗ್ಗಿಸುತ್ತ ಬರುವ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ.; ಬಂಡೆಯನ್ನು ಅಡ್ಡಡ್ಡ ಅಲ್ಲಾಡಿಸುತ್ತ ಹಿಂದಿನಿಂದ ಬರುವ ಎಸ್ ಅಲೆಯದು ಸುಮಾರು 3.5 ಕಿ.ಮೀ. ಕಟ್ಟಡಗಳಿಗೆ ಹೆಚ್ಚು ಪೆಟ್ಟು ಬೀಳುವುದು ಎಸ್ ಅಲೆಯಿಂದ ಮತ್ತು ಅದರ ಬೆನ್ನಿಗೆ ಬರುವ ಮೇಲ್ಮೈ ಅಲೆಗಳಿಂದ. ಪಿ ಅಲೆಯನ್ನು ಗುರುತಿಸಿ, ಎಸ್ ಅಲೆ ಮುಟ್ಟುವುದರೊಳಗೆ ಕೂಗಿಕೊಳ್ಳುವುದಷ್ಟೇ ಈ ಪೆಟ್ಟಿಗೆಯ ಕೆಲಸ. ಸ್ತರಭಂಗ ಜಾರುವ ಮುನ್ನವೇ ತಿಳಿಸುವ ಯಂತ್ರ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ.

ಈ ಎರಡು ಅಲೆಗಳು ಬಂದು ಮುಟ್ಟುವ ಸಮಯದ ಅಂತರ ಸುಮಾರು 8 ಕಿ.ಮೀ.ಗೆ ಒಂದು ಸೆಕೆಂಡಿನಂತೆ ಬೆಳೆಯುತ್ತದೆ. ಅಂದಮೇಲೆ 30 ಸೆಕೆಂಡ್ ಸಿಗಬೇಕಾದರೆ ಭೂಕಂಪ ಸುಮಾರು 250 ಕಿ.ಮೀ. ಆಚೆ ಆಗಿರಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಆದ, 6.2 ಪರಿಮಾಣದ (ಮ್ಯಾಗ್ನಿಟ್ಯೂಡ್) ಭೂಕಂಪ ಪುಣೆಯಿಂದ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ದೂರದ್ದು, ಅಂಥದ್ದಕ್ಕೆ ನಮ್ಮಲ್ಲಿ 35 ಸೆಕೆಂಡ್ ಸಿಕ್ಕೀತು. ಆದರೆ ಅಂದು ಸುಮಾರು 10,000 ಜನ ಸತ್ತದ್ದು ಸ್ತರಭಂಗದ ಆಸುಪಾಸಿನಲ್ಲೇ ಇದ್ದ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ, ಕಲ್ಲುಮಣ್ಣಿನ ಭಾರದ ಗೋಡೆಗಳು ಕುಸಿದು. ಅಲ್ಲಿ ಇಂಥ ಪೆಟ್ಟಿಗೆಗೆ ಸಿಗುತ್ತಿದ್ದುದು ಒಂದೆರಡು ಸೆಕೆಂಡ್ ಮಾತ್ರ. ಪುಣೆಯವರು ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಕೊಯ್ನಾ ಜಲಾಶಯದ ಕಡೆಗೆ. 1967ರ ಡಿಸೆಂಬರ್ 11ರಂದು 6.3 ಪರಿಮಾಣದ ಭೂಕಂಪ ಕಂಡ ಆ ಪ್ರದೇಶದಲ್ಲಿ ಜಲಾಶಯದ ನೀರಿನ ಭಾರ, ಜತೆಗೆ ಬಿರುಕುಗಳೊಳಗೆ ಇಳಿದು ಬಂಡೆಗಳ ಬಿಗಿ ಸಡಿಲಿಸುವ ನೀರಿನ ಒತ್ತಡ, ಇವೆರಡೂ ಸೇರಿ ಕಂಪನಗಳನ್ನು ಪ್ರಚೋದಿಸುತ್ತವೆ. ಸಣ್ಣಪುಟ್ಟ ಕಂಪನಗಳು ಈಗಲೂ ನಿಂತಿಲ್ಲ. ಅಲ್ಲಿಂದ ಇಲ್ಲಿಗೆ ಸುಮಾರು 120 ಕಿ.ಮೀ., ಅಂದರೆ ಹೆಚ್ಚೆಂದರೆ 15 ಸೆಕೆಂಡ್. ಡಬ್ಬಿಯ ಮೇಲಿನ ಭರವಸೆ ಅಲ್ಲಿಗೇ ಅರ್ಧವಾಯಿತು.

ಆ 15 ಸೆಕೆಂಡಾದರೂ ಕೈಗೆ ಸಿಗುತ್ತವೆಯೇ ಎಂಬುದು ಬೇರೆ ಪ್ರಶ್ನೆ. ದೂರದಿಂದ ಬರುವ ಪಿ ಅಲೆ ತೀರ ಕ್ಷೀಣವಾಗಿರುತ್ತದೆ. ಅದನ್ನು ಹಿಡಿಯಬೇಕೆಂದು ಪೆಟ್ಟಿಗೆಯ ಬದಿಯಲ್ಲಿರುವ, ಸೂಕ್ಷ್ಮತೆ ಹೆಚ್ಚುಕಡಿಮೆ ಮಾಡುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟರೆ, ಬೆಳಿಗ್ಗೆ ಟ್ಯಾಂಕಿಗೆ ನೀರೇರಿಸುವ ಪಂಪ್ ಚಾಲೂ ಆದೊಡನೆ ಕೆಂಪು ದೀಪ ಮಿನುಗಿ ಸೈರನ್ ಹೊಡೆದುಕೊಳ್ಳುತ್ತದೆ. ಮೊದಲ ಸಲ ಹಾಗಾದಾಗ ಎದುರು ಫ್ಲ್ಯಾಟಿನ ಧಾರವಾಡದ ಅಜ್ಜಿ ಜಪಮಾಲೆ ಹಿಡಿದುಕೊಂಡೇ ಹೊರಬಂದು "ಏನ್ರೀ, ಖರೇನ ಭೂಕಂಪ ಆತೇನ್ರೀ?" ಎಂದು ಕೇಳಿದರು, ಮೂರನೆಯ ಸಲ ಯಾರೂ ಬಾಗಿಲು ತೆರೆಯಲಿಲ್ಲ. ಗುಂಡಿಯನ್ನು ತಗ್ಗಿಸಿದರೆ ಪಂಪಿನ ಕಾಟ ತಪ್ಪುತ್ತದೆ, ಆದರೆ ಪಿ ಅಲೆಯೂ ತಪ್ಪಿಹೋಗಿ, ನೆಲ ಜೋರಾಗಿ ಅಲುಗಿದ ಮೇಲಷ್ಟೇ ಅದು ಕೂಗೀತು. ಕಾಂಕ್ರೀಟ್ ಕಂಬಕ್ಕೆ ಸ್ಕ್ರೂ ಹೊಡೆದು ಕೂರಿಸಬೇಕೆಂದು ಕೈಪಿಡಿ ಹೇಳುತ್ತದೆ. ಎಲೆಕ್ಟ್ರಿಷಿಯನ್ ಇಟ್ಟಿಗೆ ಗೋಡೆಗೆ ಅಂಟುಪಟ್ಟಿಯಲ್ಲಿ ಅಂಟಿಸಿ ಹೋಗಿದ್ದ. ಕಂಬಕ್ಕೆ ಬದಲಾಯಿಸಿದ ಮೇಲೆ ಸುಳ್ಳು ಕೂಗು ಕಡಿಮೆಯಾಯಿತು, ನಿಲ್ಲಲಿಲ್ಲ.

ಒಂಟಿ ಪೆಟ್ಟಿಗೆಯ ಮಿತಿಯೇ ಇದು. ಜಪಾನಿನಲ್ಲಿ 2007ರಿಂದ ಸಾರ್ವಜನಿಕರಿಗೆ ಸಿಗುತ್ತಿರುವ ಎಚ್ಚರಿಕೆ ದೇಶದ ತುಂಬ ನೆಟ್ಟ ಮಾಪಕಗಳ ಜಾಲದ್ದು. ಸ್ತರಭಂಗದ ಹತ್ತಿರದ ಮಾಪಕಗಳು ಕಂಡದ್ದು ಅಲೆಗಿಂತ ವೇಗವಾಗಿ ತಂತಿಯಲ್ಲಿ ದೂರದ ಊರಿಗೆ ಮುಟ್ಟುತ್ತದೆ. ಭಾರತದ ಆಂಡ್ರಾಯ್ಡ್ ಫೋನುಗಳಿಗೆ 2023ರಲ್ಲಿ ಬಂದ ಎಚ್ಚರಿಕೆಯ ಸೌಲಭ್ಯವೂ ಅನೇಕ ಫೋನುಗಳ ಚಿಪ್‌ಗಳನ್ನು ಒಟ್ಟು ಸೇರಿಸಿಯೇ ನಡೆಯುವಂಥದು, ಅದಕ್ಕೆ ಬೇರೆ ದುಡ್ಡೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಚಾಲೂ ಇದೆಯೇ ಎಂದು ನೋಡಿಕೊಂಡರಾಯಿತು.

ಮನೆಗೊಂದು ಎಂದು ಈ ಅಲಾರಂ ಕೊಳ್ಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಸೊಸೈಟಿಗಾದರೆ ಒಂದು ಉಪಯೋಗವಿದೆ: ನೆಲ ಅಲುಗಿದೊಡನೆ ಲಿಫ್ಟನ್ನು ಹತ್ತಿರದ ಮಹಡಿಯಲ್ಲಿ ನಿಲ್ಲಿಸಿ ಬಾಗಿಲು ತೆರೆಸುವ ಜೋಡಣೆ ಇದರಲ್ಲಿದೆ, ಮತ್ತು ಅದಕ್ಕೆ ಒಂದೆರಡು ಸೆಕೆಂಡಿನ ಸುಳಿವೂ ಬೆಲೆಯುಳ್ಳದ್ದೇ. ಆದರೆ ಆ ಜೋಡಣೆಯ ತಂತಿ ಡಬ್ಬಿಯಲ್ಲಿ ಬರುವುದಿಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕು, ಲಿಫ್ಟ್ ಕಂಪನಿಯ ಮೆಕ್ಯಾನಿಕ್‌ನ ಒಪ್ಪಿಗೆಯೂ ಬೇಕು. ದುಡ್ಡು ಕೊಡುವ ಮುನ್ನ ಅವರನ್ನೇ ಮೊದಲು ಕೇಳಿ.