ರಿಪೀಟರ್, ಪವರ್‌ಲೈನ್, ಮೆಶ್, ಕೇಬಲ್: ಮಹಡಿ ಮನೆಗೆ ಯಾವುದು?

"ನೆಟ್ ಸ್ಲೋ" ಅಂದ ತಕ್ಷಣ ಎಲ್ಲರೂ ಮಾಡುವುದು ಸ್ಪೀಡ್ ಟೆಸ್ಟ್. ಆದರೆ ಅದು ಅಳೆಯುವುದು ನಿಮ್ಮ ಫೋನಿನಿಂದ ಹೊರಗಿನ ಸರ್ವರ್‌ವರೆಗಿನ ಪೂರ್ತಿ ದಾರಿಯನ್ನು. ತೊಂದರೆ ಕಂಪನಿಯ ಫೈಬರ್‌ನಲ್ಲಿದೆಯೋ ನಮ್ಮ ಮೆಟ್ಟಿಲ ಹತ್ತಿರವೇ ಇದೆಯೋ ಅಂತ ಅದರಿಂದ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ರೂಟರ್ ಕೆಳಗೆ, ಟಿವಿ ಮಹಡಿಯಲ್ಲಿ. ಕೆಳಗಿನ ಕಂಪ್ಯೂಟರ್‌ನಲ್ಲಿರುವ ಮದುವೆ ವಿಡಿಯೋವನ್ನು ಟಿವಿಯಲ್ಲಿ ಹಾಕಿದರೆ ನಿಂತು ನಿಂತು ಬರುತ್ತಿತ್ತು. ಆ ವಿಡಿಯೋ ಇಂಟರ್ನೆಟ್ ಮುಟ್ಟುವುದೇ ಇಲ್ಲ ಅಲ್ವಾ? ಹಾಗಾಗಿ ಪ್ಲಾನ್ ದೊಡ್ಡದು ಮಾಡಿಸಿ ಪ್ರಯೋಜನವಿಲ್ಲ. ಮೊದಲು ಮಹಡಿಯಿಂದ ರೂಟರ್‌ಗೆ ಪಿಂಗ್ ಮಾಡಿ (ಅಂದರೆ ಸಣ್ಣ ಸಂದೇಶ ಕಳಿಸಿ, ಉತ್ತರಕ್ಕೆ ಎಷ್ಟು ಹೊತ್ತಾಯಿತು ಅಂತ) ನೋಡಿದೆ. ರೂಟರಿನ ವಿಳಾಸ ಸಾಮಾನ್ಯವಾಗಿ 192.168.1.1 ಇರುತ್ತದೆ. ವೈಫೈ ಚೆನ್ನಾಗಿದ್ದರೆ ಕೆಲವೇ ಮಿಲಿಸೆಕೆಂಡ್‌ನಲ್ಲಿ ಉತ್ತರ ಬರಬೇಕು. ಇಲ್ಲಿ ಒಮ್ಮೆ 5, ಒಮ್ಮೆ 200, ಮಧ್ಯೆ ಉತ್ತರವೇ ಇಲ್ಲ. ಅಲ್ಲಿಗೆ ಗೋಳು ಮನೆಯೊಳಗಿನದೇ ಅಂತ ಖಾತ್ರಿಯಾಯಿತು. ಆಮೇಲೆ ಪ್ರತಿ ಉಪಾಯದ ವೇಗವನ್ನೂ ಐಪರ್ಫ್3 ಎಂಬ ಉಚಿತ ತಂತ್ರಾಂಶದಿಂದ ಎರಡು ಲ್ಯಾಪ್‌ಟಾಪ್ ನಡುವೆ ಅಳೆದೆ.

ರೂಟರಿನ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಅಗ್ಗ. ಹಾಕಿದ ಕೂಡಲೇ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿ ಖುಷಿಯಾಗುತ್ತದೆ. ಆದರೆ ಆ ಕಡ್ಡಿ ತೋರಿಸುವುದು ರಿಪೀಟರ್‌ಗೂ ಫೋನಿಗೂ ಇರುವ ಸಿಗ್ನಲ್ ಮಾತ್ರ. ಒಂದೇ ರೇಡಿಯೋ ಇರುವ ರಿಪೀಟರ್ ಕೇಳಿಸಿಕೊಂಡು ಅದನ್ನೇ ಮತ್ತೆ ಕಳಿಸಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಸಿಗದ ಕೋಣೆಯಲ್ಲೇ ಇಟ್ಟರೆ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ. ಮೆಟ್ಟಿಲ ತಿರುವಿನಲ್ಲಿಟ್ಟ ಮೇಲೆ ವಾಟ್ಸಾಪ್ ಕರೆಗೆ ಸಾಕಾಯಿತು, ಮದುವೆ ವಿಡಿಯೋಗೆ ಸಾಲಲಿಲ್ಲ.

ಪವರ್‌ಲೈನ್ ಅಡಾಪ್ಟರ್ ಮೇಲೆ ನನಗೆ ತುಂಬಾ ಆಸೆ ಇತ್ತು. ಗೋಡೆಯೊಳಗಿನ ಕರೆಂಟ್ ವೈರಿನಲ್ಲೇ ಡೇಟಾ ಹೋಗುತ್ತದೆ, ಗೋಡೆ ಕೊರೆಯುವ ತಲೆನೋವಿಲ್ಲ. ಕೆಳಗಿನ ಎರಡು ಕೋಣೆಗಳ ನಡುವೆ ಸೊಗಸಾಗಿ ನಡೆಯಿತು. ಮಹಡಿಗೆ ಒಯ್ದರೆ ಕನೆಕ್ಷನ್ ದೀಪ ಹತ್ತುವುದಕ್ಕೇ ಒದ್ದಾಡಿತು. ನಮ್ಮದು ಥ್ರೀ ಫೇಸ್ ಮನೆ. ಕೆಳಗೆ ಒಂದು ಫೇಸ್, ಮೇಲೆ ಇನ್ನೊಂದು. ಫೇಸ್ ಬೇರೆಯಾದರೆ ಸಿಗ್ನಲ್ ದಾಟುವುದು ಕಷ್ಟ. ಜೊತೆಗೆ ಕೆಳಗೂ ಮಿಕ್ಸಿ ಹಾಕಿದಾಗ ವೇಗ ಕುಸಿಯುತ್ತಿತ್ತು. ಸ್ಪೈಕ್ ಬಸ್ಟರ್‌ಗೆ ಚುಚ್ಚಿದರೂ ಅದೇ ಕಥೆ, ಗೋಡೆಯ ಪಾಯಿಂಟ್‌ಗೇ ನೇರವಾಗಿ ಹಾಕಬೇಕು. ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಮೆಶ್, ಅಂದರೆ ಒಂದೇ ವೈಫೈ ಆಗಿ ಕೆಲಸ ಮಾಡುವ ಡಬ್ಬಿಗಳ ಜೋಡಿ, ನಿಜಕ್ಕೂ ಚೆನ್ನಾಗಿದೆ, ಬೆಲೆ ಮಾತ್ರ ಜಾಸ್ತಿ. ಫೋನ್ ಹಿಡಿದು ಮೆಟ್ಟಿಲು ಹತ್ತಿದರೂ ಕರೆ ಕಡಿಯಲಿಲ್ಲ. ಆದರೆ ಹಾಕಿದ ದಿನವೇ ಪ್ರಿಂಟರ್ ಮಾಯ! ಕಂಪನಿಯ ರೂಟರ್ 192.168.1 ಸಾಲಿನ ವಿಳಾಸ ಕೊಡುತ್ತಿತ್ತು, ಮೆಶ್ 192.168.0 ಸಾಲಿನದು. ಪ್ರಿಂಟರ್ ಒಂದು ನೆಟ್‌ವರ್ಕ್‌ನಲ್ಲಿ, ಫೋನ್ ಇನ್ನೊಂದರಲ್ಲಿ. ಪ್ರಿಂಟರ್ ಎಲ್ಲಿದೆ ಅಂತ ಫೋನ್ ಹಾಕುವ ಕೂಗು ತನ್ನ ನೆಟ್‌ವರ್ಕ್ ದಾಟಿ ಹೋಗುವುದಿಲ್ಲ. ಟಿವಿಗೆ ಕಾಸ್ಟ್ ಆಗದಿರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಮೆಶ್ ಅನ್ನು, ತಾನು ವಿಳಾಸ ಕೊಡದೆ ವೈಫೈ ಮಾತ್ರ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದೆ, ಪ್ರಿಂಟರ್ ವಾಪಸ್ ಬಂತು. ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಕೊಳ್ಳಿ. ವೇಗ ರಿಪೀಟರ್‌ಗಿಂತ ಎಷ್ಟೋ ಮೇಲು. ಆದರೂ ನಡುವಿನ ಆರ್‌ಸಿಸಿ ಮೋಲ್ಡ್ ದಾಟಬೇಕಲ್ಲ, ದೊಡ್ಡ ಫೈಲು ಕಳಿಸುವಾಗ ಏರಿಳಿತ ಇದ್ದೇ ಇತ್ತು.

ಕೊನೆಗೆ ಗೆದ್ದದ್ದು ಕ್ಯಾಟ್6 ನೆಟ್‌ವರ್ಕ್ ಕೇಬಲ್, ಅದರ ತುದಿಗೆ ಅಟ್ಟದಲ್ಲಿ ಬಿದ್ದಿದ್ದ ಹಳೇ ರೂಟರ್. ಹಳೆಯದರ ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗಲ್ಲ, ಮನೆಯ ಸಾಧನಗಳ ಲ್ಯಾನ್ ಪೋರ್ಟಿಗೆ ಹಾಕಬೇಕು. ಎರಡು ಡಿಎಚ್‌ಸಿಪಿ ಇದ್ದರೆ ಇಬ್ಬರೂ ವಿಳಾಸ ಹಂಚಿ ಗೊಂದಲವೋ ಗೊಂದಲ. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ ಅಳೆದಾಗ ಸರಿಯಾಗಿ 94 ಎಂಬಿಪಿಎಸ್‌ನಲ್ಲಿ ನಿಂತುಬಿಟ್ಟಿತು. ಈ 94 ಕಂಡರೆ ಎಲ್ಲೋ 100 ಎಂಬಿಪಿಎಸ್ ಲಿಂಕ್ ಆಗಿದೆ ಅಂತಲೇ ಅರ್ಥ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಕನೆಕ್ಟರ್ ಕಣ್ಣ ಹತ್ತಿರ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ತುದಿಯವರೆಗೆ ಹೋಗಿಯೇ ಇರಲಿಲ್ಲ. ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದ (ಕನೆಕ್ಟರ್ ಒತ್ತಿ ಕೂರಿಸಿದ) ಮೇಲೆ 900 ದಾಟಿತು. ಹಳೇ ರೂಟರಿನ ಪೋರ್ಟೇ 100ರದ್ದಾಗಿದ್ದರೆ ಮಾತ್ರ ಎಷ್ಟು ಕ್ರಿಂಪ್ ಮಾಡಿದರೂ ಅಷ್ಟೇ.

ಬಾಡಿಗೆ ಮನೆಯವರು, ಓನರ್ ಗೋಡೆ ಮುಟ್ಟಲು ಬಿಡದಿದ್ದರೆ, ಮೆಶ್ ತೆಗೆದುಕೊಳ್ಳಿ. ಎರಡನೇ ಡಬ್ಬಿಯನ್ನು ಮೆಟ್ಟಿಲು ಕಾಣುವ ಜಾಗದಲ್ಲಿಡಿ. ಸ್ವಂತ ಮನೆಯಾದರೆ ಪೇಂಟ್ ಮಾಡಿಸುವ ಮೊದಲೇ ಕೇಬಲ್ ಎಳೆಸಿ, ಒಂದರ ಜಾಗದಲ್ಲಿ ಎರಡು.